ನಾಟಿ ಹಂದಿಯ ಕೆಂಪು ಪ್ಲಾಸ್ಮಾ

ಏಪ್ರಿಲ್ ತಿಂಗಳು. ಮದ್ದೂರಿನ ಆಚೆ ಒಂದು ಹಂದಿ ಫಾರಂ. ಬೆಳಿಗ್ಗೆ ಎಂಟಕ್ಕೇ ಶೀಟು ಕಾದು ಕೂತಿತ್ತು. ಮೈಸೂರಿನಿಂದ ನಾವು ಮೂವರು ಐಸ್ ಬಾಕ್ಸ್, ಸಿರಿಂಜು, ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಹಾಕಿದ ಟ್ಯೂಬು ಹೊತ್ತು ಹೋಗಿದ್ದೆವು. ಬಿಳಿ ಯಾರ್ಕ್‌ಷೈರ್, ಅಂದರೆ ಊರವರು ಹೇಳುವ ಸೀಮೆ ಹಂದಿ, ಮತ್ತೆ ಕಪ್ಪು ನಾಟಿ ಹಂದಿ. ಬೇಸಿಗೆ ಕಾವು ಯಾವುದಕ್ಕೆ ಜಾಸ್ತಿ ತಟ್ಟುತ್ತದೆ ಅಂತ ರಕ್ತದಲ್ಲಿ ನೋಡಬೇಕಿತ್ತು. ಹಂದಿ ನಮ್ಮ ಹಾಗೆ ಬೆವರಿ ಮೈ ತಣಿಸಿಕೊಳ್ಳುವುದಿಲ್ಲ, ಅದಕ್ಕೆ ಕೆಸರು ಬೇಕು. ಸಿಮೆಂಟ್ ನೆಲದಲ್ಲಿ ಕೆಸರೆಲ್ಲಿ?

"ರಕ್ತ ತಗಂಡು ಏನವ್ವ ನೋಡೀರಿ?" ಅಂದರು ಫಾರಂ ಯಜಮಾನರು.

"ಹಳೇ ಕಡ್ಲೇಕಾಯಿ ಎಣ್ಣೆ ಕಮಟು ಹಿಡಿಯುತ್ತಲ್ಲ ಅಣ್ಣ, ಅಂಥದೇ ಮೈಯೊಳಗಿನ ಕೊಬ್ಬಿಗೂ ಆಗುತ್ತೆ. ಅದೆಷ್ಟು ಆಗಿದೆ ಅಂತ."

ಇದು ಸುಮ್ನೆ ಹೇಳಿದ ಹೋಲಿಕೆಯಲ್ಲ. ಆಕ್ಸಿಡೇಟಿವ್ ಸ್ಟ್ರೆಸ್‌ಗೆ, ಅಂದರೆ ಆಕ್ಸಿಜನ್ನಿಂದ ಮೈಯೊಳಗೆ ಆಗುವ ಇಂಥ ಕೆಡುಕಿಗೆ, ನಾವು ಮಾಡುವ ಪರೀಕ್ಷೆಯನ್ನೇ ಎಣ್ಣೆ, ಮಾಂಸ ಕೆಟ್ಟಿದೆಯಾ ಅಂತ ನೋಡಲೂ ಬಳಸುತ್ತಾರೆ. ಕೊಬ್ಬು ಕೆಟ್ಟಾಗ ಮ್ಯಾಲೊನ್‌ಡೈಆಲ್ಡಿಹೈಡ್ ಅನ್ನುವ ವಸ್ತು ಹುಟ್ಟುತ್ತದೆ. ಥಯೋಬಾರ್ಬಿಟ್ಯೂರಿಕ್ ಆಸಿಡ್ ಸೇರಿಸಿ ಬಿಸಿ ಮಾಡಿದರೆ ಗುಲಾಬಿ ಬಣ್ಣ ಬರುತ್ತದೆ. ಆ ಬಣ್ಣ ಎಷ್ಟು ಗಾಢ ಅಂತ 532 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುವುದು.

ಹಿಂದೆ ನಾನು ಬಂಡೂರು ಕುರಿಗಳ ರಕ್ತ ತೆಗೆದಿದ್ದೆ. ಕುರಿ ಪಾಪದ್ದು. ಮಂಡಿ ಮಧ್ಯೆ ಹಿಡಿದು, ಉಣ್ಣೆ ಸರಿಸಿ, ಕತ್ತಿನ ಬುಡ ಹೆಬ್ಬೆರಳಲ್ಲಿ ಒತ್ತಿದರೆ ನರ ಉಬ್ಬಿ ಕೈಗೆ ಸಿಗುತ್ತದೆ. ಹಂದಿಗೆ ಚರ್ಮದಡಿ ಕೊಬ್ಬು, ಕತ್ತಿನ ನರ ಕಣ್ಣಿಗೇ ಬೀಳುವುದಿಲ್ಲ. ಅಂದಾಜಿನ ಮೇಲೆ ಸೂಜಿ ಇಳಿಸಬೇಕು. ಸೀಮೆ ಹಂದಿಯ ಮೇಲ್ದವಡೆಗೆ ಕುಣಿಕೆ ಹಾಕಿದರೆ ಹಿಂದಕ್ಕೆ ಜಗ್ಗುತ್ತಾ, ಕಿವಿ ಕಿತ್ತುಹೋಗುವ ಹಾಗೆ ಅರಚುತ್ತಾ, ಒಂದೇ ಕಡೆ ನಿಂತಿತು. ನಾಟಿ ಎಲ್ಲಿ ನಿಲ್ಲುತ್ತದೆ! ದೊಡ್ಡಿ ತುಂಬ ಅಟ್ಟಾಡಿಸಿದೆವು. ಹಿಡಿದ ಮೇಲೂ ಒದ್ದಾಟ. ಮೂರು ಸಲ ಚುಚ್ಚಿ, ಸಿರಿಂಜನ್ನು ಜೋರಾಗಿ ಎಳೆದು, ಹೇಗೋ ಟ್ಯೂಬು ತುಂಬಿಸಿದೆ. ವಾಪಸ್ ಬರುವಾಗ ವಡೆ ತಿನ್ನಲು ನಿಲ್ಲಿಸಿದ್ದೂ ಹೌದು. ಟ್ಯೂಬುಗಳು ನೇರ ಐಸಿನ ಮೇಲೇ ಬಿದ್ದಿದ್ದವು.

ಲ್ಯಾಬಿನಲ್ಲಿ ಸೆಂಟ್ರಿಫ್ಯೂಜ್ ನಿಂತಿತು. ರಕ್ತಕಣ ತಳಕ್ಕಿಳಿದು ಮೇಲೆ ಉಳಿಯುವ ತಿಳಿಯೇ ಪ್ಲಾಸ್ಮಾ. ಸೀಮೆ ಹಂದಿಯದ್ದು ಒಣಹುಲ್ಲಿನ ಬಣ್ಣ. ನಾಟಿಯದ್ದು ರೋಸ್ ಮಿಲ್ಕ್! ಆದರೂ ಬಿಸಿಗಿಟ್ಟು ಓದಿಸಿದೆ. ನಾಟಿಯ ಅಂಕಿ ಎಲ್ಲಕ್ಕಿಂತ ಮೇಲೆ. ಖುಷಿಯಿಂದ ಮೇಡಮ್ಮಿಗೆ ತೋರಿಸಿದರೆ, ಅವರು ಅಂಕಿ ನೋಡಲೇ ಇಲ್ಲ. "ಟ್ಯೂಬ್ ತಗೊಂಡು ಬಾ" ಅಂದರು. ಬೆಳಕಿಗೆ ಹಿಡಿದು ಕೇಳಿದರು: "ಎಷ್ಟು ಸಲ ಚುಚ್ಚಿದೆ?"

ಮತ್ತೆ ಮತ್ತೆ ಚುಚ್ಚಿ ಜೋರಾಗಿ ಎಳೆದದ್ದಕ್ಕೆ ರಕ್ತಕಣ ಒಡೆದಿದ್ದವು. ಹೊರಬಂದ ಹಿಮೋಗ್ಲೋಬಿನ್ ತಾನೇ ಕೆಂಪು, ಅದೂ 540 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಹೀರುತ್ತದೆ. ಸಾಲದ್ದಕ್ಕೆ ಅದರ ಕಬ್ಬಿಣ ಬಿಸಿಯಲ್ಲಿ ಕೊಬ್ಬನ್ನು ಇನ್ನಷ್ಟು ಕೆಡಿಸುತ್ತದೆ. ನಾಟಿಗೆ ಬಿಸಿಲು ಜಾಸ್ತಿ ತಟ್ಟಿದೆ ಅಂತ ನಾನು ಬರೆಯಲು ಹೊರಟಿದ್ದೆ. ತಟ್ಟಿದ್ದು ನನ್ನ ಸೂಜಿ. ಈಗ ಎರಡು ತಳಿ ಹೋಲಿಸಿದ ಯಾವ ಪ್ರಬಂಧ ಕಂಡರೂ ಮೊದಲು ಹುಡುಕುವುದು ಪ್ರಾಣಿಯನ್ನು ಹೇಗೆ ಹಿಡಿದರು ಅನ್ನುವ ಸಾಲನ್ನು. ಎಷ್ಟೋ ಕಡೆ ಅದು ಅರ್ಧ ವಾಕ್ಯದಲ್ಲಿ ಮುಗಿದಿರುತ್ತದೆ.

ಮುಂದಿನ ವಾರ ಮತ್ತೆ ಹೋದೆವು. ಯಜಮಾನರು ಕುಣಿಕೆ ಪಕ್ಕಕ್ಕಿಟ್ಟರು. "ನೀವು ಸುಮ್ಕಿರಿ ಅತ್ಲಾಗೆ." ಬೋಗುಣಿಯಲ್ಲಿ ಬೂಸ ಕಲಸಿಟ್ಟು ನಾಟಿಯ ಹೊಟ್ಟೆ ಕೆರೆಯುತ್ತಾ ಕುಕ್ಕರಗಾಲಲ್ಲಿ ಕೂತರು. ಐದೇ ನಿಮಿಷ. ಅದು ಗೊರಗೊರ ಅನ್ನುತ್ತಾ ಪಕ್ಕಕ್ಕೆ ಉರುಳಿ ಕಣ್ಣು ಮುಚ್ಚಿತು. ಕಿವಿಯ ನರದಿಂದ ಮೆಲ್ಲಗೆ ಎರಡು ಎಂಎಲ್ ತೆಗೆದೆ. ಕಿವಿ ಒಂದು ಸಲ ಕೊಡವಿತು, ಅಷ್ಟೇ.

ಈ ಸಲ ಟ್ಯೂಬುಗಳನ್ನು ಬಟ್ಟೆಯಲ್ಲಿ ಸುತ್ತಿ ಐಸ್ ಬಾಕ್ಸಿಗಿಟ್ಟೆವು. ವಡೆಗೆ ನಿಲ್ಲಿಸಲಿಲ್ಲ. ಶ್ರೀರಂಗಪಟ್ಟಣ ದಾಟುವಾಗ ಯಜಮಾನರ ಫೋನು: "ನಮ್ ಕರಿಯಂಗೆ ಎಷ್ಟು ಬಂತವ್ವ ಮಾರ್ಕ್ಸು?"