ಉದ್ಯಮಬಾಗಿನ ಕಂಪನಿ, ಪುಣೆಯ ಗಿರಾಕಿ

ಬೆಳಗಾವಿ, 14 ಜುಲೈ 2024, ಭಾನುವಾರ

ಮಳೆಯಲ್ಲೇ ತಂಗಿಯ ಮಗ ಕರಾರಿನ ಕರಡು ಹಿಡಿದುಕೊಂಡು ಬಂದ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗಿನಲ್ಲಿ ಅವನು ಗೆಳೆಯರೊಂದಿಗೆ ನಡೆಸುತ್ತಿರುವ ಸಾಫ್ಟ್‌ವೇರ್ ಕಂಪನಿಯನ್ನು ಪುಣೆಯ ದೊಡ್ಡ ಕಂಪನಿಯೊಂದು ಕೊಳ್ಳಲು ಕೇಳಿದೆ. ತಂಗಿ ಮುಖ ಸಣ್ಣದು ಮಾಡಿಕೊಂಡಿದ್ದಾಳಂತೆ. ನಮ್ಮ ಕಡೆ ಕಂಪನಿ ಮಾರಿದವನನ್ನೂ ಹೊಲ ಮಾರಿದವನ ಹಾಗೆಯೇ ನೋಡುತ್ತಾರೆ.

ನನಗೇನೂ ಹಾಗೆ ಅನಿಸುವುದಿಲ್ಲ. ಆ್ಯಪಲ್ ಇಂದು ಸ್ವಂತ ಚಿಪ್ ಎಂದು ಬೀಗುವುದರ ಹಿಂದೆ 2008ರಲ್ಲಿ ಸುಮಾರು 27.8 ಕೋಟಿ ಡಾಲರಿಗೆ ಕೊಂಡ ಪಿ.ಎ. ಸೆಮಿ ಎಂಬ ಸಣ್ಣ ಕಂಪನಿಯ ಎಂಜಿನಿಯರುಗಳಿದ್ದಾರೆ. ಅದಕ್ಕೂ ಮೊದಲು, ಹೊಸ ಆಪರೇಟಿಂಗ್ ಸಿಸ್ಟಮ್ ಮಾಡಲು ಹೋಗಿ ಕೈಸುಟ್ಟುಕೊಂಡು, 1996ರ ಕೊನೆಗೆ ನೆಕ್ಸ್ಟ್ ಕಂಪನಿಯನ್ನು ಕೊಳ್ಳಲು ಒಪ್ಪಿತ್ತು. ಅದರ ಜೊತೆ, ಹಿಂದೆ ಆ್ಯಪಲ್ ಬಿಟ್ಟು ಹೋಗಿ ನೆಕ್ಸ್ಟ್ ಕಟ್ಟಿದ್ದ ಅದರ ಸಹಸಂಸ್ಥಾಪಕ ಸ್ಟೀವ್ ಜಾಬ್ಸ್ ಮರಳಿದರು. ಮುಂದೆ ಮ್ಯಾಕ್‌ಗೆ ತಳಹದಿಯಾದದ್ದೂ ನೆಕ್ಸ್ಟ್‌ನ ತಂತ್ರಾಂಶವೇ. ಯಾರು ಯಾರನ್ನು ಕೊಂಡರೋ! ಹಾಗೆಂದು ದುಡ್ಡು ಸುರಿದರೆ ಸಾಲದು. ನೋಕಿಯಾದ ಫೋನ್ ವ್ಯವಹಾರವನ್ನು 2014ರಲ್ಲಿ ಕೊಂಡ ಮೈಕ್ರೋಸಾಫ್ಟ್, ಮರುವರ್ಷವೇ 760 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು.

ಇವನ ತಂತ್ರಾಂಶ ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳಿಗಾಗಿ ಮಾಡಿದ್ದು. ಪ್ರತಿ ಕರಗುವಿಕೆಗೂ ಹೀಟ್ ನಂಬರ್ ಎಂಬ ಒಂದು ಗುರುತಿನ ಸಂಖ್ಯೆ ಇರುತ್ತದೆ. ತಿಂಗಳುಗಳ ನಂತರ ಬಿರುಕುಬಿಟ್ಟ ಎರಕವೊಂದು ವಾಪಸ್ಸು ಬಂದರೆ, ಆ ದಿನದ ಲೋಹದಲ್ಲಿ ಕಾರ್ಬನ್, ಸಿಲಿಕಾನ್ ಎಷ್ಟಿತ್ತೆಂದು ಕ್ಷಣದಲ್ಲಿ ತೋರಿಸುತ್ತದೆ. ಪರದೆಯ ಮೇಲಿನ ಗುಂಡಿಗಳು ಹೆಬ್ಬೆರಳಿಗಿಂತ ದೊಡ್ಡವು, ಕುಲುಮೆಯ ಮುಂದೆ ನಿಂತವನು ಕೈಗವಸು ತೆಗೆಯದೆ ಒತ್ತಲೆಂದು. ಇದನ್ನು ಮಾಡಿದ್ದು ಶಾಪ್‌ಫ್ಲೋರಿನಲ್ಲಿ ವಾರಗಟ್ಟಲೆ ನಿಂತು ನೋಡಿದ ಹುಡುಗರು. ಕರಡಿನಲ್ಲಿ ಸೋರ್ಸ್ ಕೋಡ್‌ಗೆ ಎರಡು ಪುಟ, ಈ ಹುಡುಗರಿಗೆ ಒಂದು ಸಾಲೂ ಇಲ್ಲ.

ದರದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅರ್ಧ ಹಣ ಈಗ, ಉಳಿದರ್ಧ ಎರಡು ವರ್ಷದ ನಂತರ, ಅದೂ ಮಾರಾಟದ ಗುರಿ ಮುಟ್ಟಿದರೆ. ಬೆಲೆ ನಿಗದಿ, ನೇಮಕ, ಖರ್ಚಿನ ಮಂಜೂರಾತಿ ಎಲ್ಲವೂ ಪುಣೆಯಲ್ಲಿ. ಕೈಕಟ್ಟಿ ಹಾಕಿ ಈಜು ಎಂದರೆ ಹೇಗೆ?

"ಮಾಮಾ, ಇಷ್ಟೆಲ್ಲ ಕೇಳಿದರೆ ಅವರು ಬಿಟ್ಟೇಹೋದಾರು" ಎಂದ.

"ಕೇಳಿದ್ದಕ್ಕೇ ಬಿಟ್ಟುಹೋಗುವವರು ಎರಡು ವರ್ಷ ನಿನ್ನನ್ನು ಹೇಗೆ ನಡೆಸಿಕೊಂಡಾರು?" ಎಂದೆ.

ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಆಮೇಲೆ ತಾನೇ ಪೆನ್ನು ತೆಗೆದ. ಹುಡುಗರ ನೌಕರಿಗೆ ಎರಡು ವರ್ಷದ ಭರವಸೆ, ಕಚೇರಿ ಬೆಳಗಾವಿಯಲ್ಲೇ, ಬೆಲೆ ನಿಗದಿಯಲ್ಲಿ ಇವನಿಗೂ ಮಾತು: ಮೂರನ್ನೂ ಅಂಚಿನಲ್ಲಿ ಬರೆದುಕೊಂಡ. ನಾಳೆ ವಕೀಲರನ್ನು ಕಾಣುತ್ತಾನೆ.