ಮಾದರಿ ಕಟ್ಟುವವರ ಸಣ್ಣ ಕತ್ತರಿಸುವ ಉಪಕರಣಗಳು: ಖರ್ಚು ಮಾಡಬೇಕಾದದ್ದು ಅಲಗಿಗೆ

ನನ್ನ ಮೇಜಿನ ಖಾನೆಯಲ್ಲಿರುವ ಒಂದು ನಿಪ್ಪರಿನ (ಇಕ್ಕಳದಂತೆ ಹಿಡಿದು ಕತ್ತರಿಸುವ ಸಣ್ಣ ಕಟರಿನ) ಬಾಯಿಯನ್ನು ಪೂರ್ತಿ ಮುಚ್ಚಿ ದೀಪದ ಎದುರು ಹಿಡಿದರೆ, ಎರಡು ಅಲಗುಗಳು ಕೂಡುವ ಗೆರೆಯಲ್ಲಿ, ತುದಿಯಿಂದ ಸುಮಾರು 3 ಮಿಲಿಮೀಟರ್ ಹಿಂದೆ, ಸಾಸಿವೆಕಾಳಿನ ಅರ್ಧದಷ್ಟೂ ಇಲ್ಲದ ಒಂದು ಬೆಳಕಿನ ಚುಕ್ಕಿ ಕಾಣಿಸುತ್ತದೆ. ಪ್ಲಾಸ್ಟಿಕ್ ಕತ್ತರಿಸುವುದಕ್ಕೆಂದೇ ತಯಾರಾದ ಆ ನಿಪ್ಪರಿನಲ್ಲಿ ನಾನು ಅವಸರಕ್ಕೆ ಒಂದು ತುಂಡು ಉಕ್ಕಿನ ತಂತಿಯನ್ನು ಕತ್ತರಿಸಿದ ದಿನ ಆದ ಗಾಯ ಅದು. ಮರುದಿನದಿಂದ ಅದರಲ್ಲಿ ಕತ್ತರಿಸಿದ ಭಾಗಗಳ ಮೇಲೆಲ್ಲ, ಅದೇ ಜಾಗದಲ್ಲಿ, ಕೂದಲೆಳೆಯಷ್ಟು ದಪ್ಪದ ಒಂದು ಉಬ್ಬುಗೆರೆ ಉಳಿಯತೊಡಗಿತು. ಅದನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆಯುವುದಕ್ಕೆ ಹೋದ ಸಂಜೆಗಳ ಲೆಕ್ಕ ಹಾಕಿದರೆ, ತಂತಿಗೆಂದೇ ಬೇರೊಂದು ಸಾಧಾರಣ ಕಟರನ್ನು ಮೊದಲೇ ಕೊಂಡಿದ್ದರೆ ಆಗುತ್ತಿದ್ದ ಖರ್ಚು ಬಹಳ ಕಡಿಮೆಯೆನಿಸುತ್ತದೆ.

ವಿಮಾನದಂತಹವುಗಳ ಪುಟ್ಟ ಮಾದರಿಗಳನ್ನು ಹೊಸದಾಗಿ ಕಟ್ಟಲು ಹೊರಟ ಗೆಳೆಯರು ಕಡಿಮೆ ಬೆಲೆಯ ಉಪಕರಣ ಯಾವುದೆಂದು ಕೇಳಿದಾಗಲೆಲ್ಲ ನಾನು ಆ ನಿಪ್ಪರನ್ನು ತೆಗೆದು ತೋರಿಸುತ್ತೇನೆ. ಕೊಳ್ಳುವಾಗಿನ ಬೆಲೆಗಿಂತ, ಆ ಉಪಕರಣ ಎಷ್ಟು ಶುದ್ಧವಾದ ಕಡಿತಗಳನ್ನು ಕೊಡುತ್ತದೆ, ಮೊಂಡಾದ ಮೇಲೆ ಅದರ ಅಲಗನ್ನು ಬದಲಿಸಲು ಎಷ್ಟು ಬೇಕಾಗುತ್ತದೆ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹತ್ತಿಪ್ಪತ್ತು ಬಗೆಯ ಹಿಡಿಗಳನ್ನೂ ಅಲಗುಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಮಾರುವ ಅಗ್ಗದ ಸೆಟ್ಟುಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅವುಗಳಲ್ಲಿ ನಿತ್ಯ ಬಳಕೆಗೆ ಬರುವ ಅಲಗು ಒಂದೋ ಎರಡೋ ಇರುತ್ತದೆ, ಉಳಿದವು ಪೆಟ್ಟಿಗೆಯಲ್ಲೇ ತುಕ್ಕು ಹಿಡಿಯುತ್ತವೆ.

ಬಿಡಿಭಾಗಗಳಾಗಿ ಬರುವ ಪ್ಲಾಸ್ಟಿಕ್ ಕಿಟ್ಟುಗಳನ್ನು ಕಟ್ಟುವವರಿಗೆ ಮೊದಲು ಬೇಕಾಗುವುದು ನಿಪ್ಪರ್. ಭಾಗಗಳು ಸ್ಪ್ರೂ ಎಂಬ ಚೌಕಟ್ಟಿಗೆ ಗೇಟ್ ಎಂಬ ಸಣ್ಣ ಕೊಂಡಿಗಳ ಮೂಲಕ ಅಂಟಿಕೊಂಡಿರುತ್ತವೆ. ಎಲೆಕ್ಟ್ರಿಷಿಯನ್ನರು ಬಳಸುವ ಸಾಮಾನ್ಯ ಸೈಡ್ ಕಟರಿನ ಎರಡೂ ಅಲಗುಗಳು ದಪ್ಪ ಬೆಣೆಯಂತಿರುವುದರಿಂದ, ಅದು ಪ್ಲಾಸ್ಟಿಕ್ಕನ್ನು ಕೊಯ್ಯುವುದಕ್ಕಿಂತ ಹೆಚ್ಚಾಗಿ ಅದುಮಿ ಸೀಳುತ್ತದೆ. ಆ ಒತ್ತಡಕ್ಕೆ ಪಾಲಿಸ್ಟೈರೀನ್ ಎಂಬ ಆ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ಕೆಲವೊಮ್ಮೆ ಭಾಗದ ಮೈಯೇ ಕಿತ್ತು ಬಂದು ಗುಳಿ ಬೀಳುತ್ತದೆ. ಮಾದರಿಗೆಂದು ತಯಾರಾದ ನಿಪ್ಪರಿನ ಅಲಗುಗಳು ತೆಳುವಾಗಿದ್ದು, ಹೊರಮೈ ಸಪಾಟಾಗಿರುತ್ತದೆ. ಆ ಸಪಾಟಾದ ಮೈ ಭಾಗದ ಕಡೆಗೆ ಬರುವಂತೆ ಹಿಡಿದು ಕತ್ತರಿಸಬೇಕು. ಕೊಳ್ಳುವಾಗ ನಾನು ಎರಡೇ ಪರೀಕ್ಷೆ ಮಾಡುತ್ತೇನೆ. ಬಾಯಿ ಮುಚ್ಚಿ ಬೆಳಕಿಗೆ ಹಿಡಿದಾಗ ಅಲಗುಗಳ ನಡುವೆ ಬೆಳಕು ತೂರಬಾರದು. ಎರಡು ಹಿಡಿಗಳನ್ನು ಎರಡು ಕೈಗಳಲ್ಲಿ ಹಿಡಿದು ಪಕ್ಕಕ್ಕೆ ಮೆಲ್ಲನೆ ಅಲುಗಾಡಿಸಿದಾಗ ಕೀಲಿನಲ್ಲಿ ಸಡಿಲ ಕಾಣಬಾರದು. ಇವೆರಡರಲ್ಲಿ ಗೆದ್ದ ಮಧ್ಯಮ ಬೆಲೆಯ ನಿಪ್ಪರು ವರ್ಷಗಟ್ಟಲೆ ಬಾಳುತ್ತದೆ.

ಒಂದು ಕಡೆ ಮಾತ್ರ ಹರಿತವಾದ ಅಲಗು, ಇನ್ನೊಂದು ಕಡೆ ಚಪ್ಪಟೆಯಾದ ಆಧಾರ ಇರುವ ಒಂಟಿ ಅಲಗಿನ ನಿಪ್ಪರುಗಳನ್ನು ಬಹಳ ಜನ ಹೊಗಳುತ್ತಾರೆ. ಹೊಗಳಿಕೆ ನ್ಯಾಯವಾದದ್ದೇ, ತರಕಾರಿ ಹಲಗೆಯ ಮೇಲೆ ಚಾಕು ಇಳಿದಂತೆ ಆ ಅಲಗು ಗೇಟಿನೊಳಗೆ ಇಳಿಯುತ್ತದೆ, ಬಿಳಿ ಕಲೆ ಬಹಳ ಕಡಿಮೆ. ಆದರೆ ಆ ಅಲಗು ತೆಳುವಾಗಿರುವ ಕಾರಣದಿಂದಲೇ ನಾಜೂಕಾದದ್ದು; ದಪ್ಪ ಸ್ಪ್ರೂವನ್ನು ಕತ್ತರಿಸಿದರೆ, ಅಥವಾ ಕತ್ತರಿಸುವಾಗ ಮಣಿಕಟ್ಟನ್ನು ತಿರುಚಿದರೆ ಮುರಿಯಬಹುದು. ಮೊದಲ ಉಪಕರಣವಾಗಿ ಅದನ್ನು ಕೊಳ್ಳುವ ಅಗತ್ಯವಿಲ್ಲವೆಂದೇ ನಾನು ಹೇಳುತ್ತೇನೆ. ಸಾಧಾರಣ ನಿಪ್ಪರಿನಲ್ಲೇ ಎರಡು ಹಂತಗಳಲ್ಲಿ ಕತ್ತರಿಸಿದರೆ ಹೆಚ್ಚುಕಡಿಮೆ ಅದೇ ಫಲ ಸಿಗುತ್ತದೆ: ಮೊದಲು ಭಾಗದಿಂದ ಕೆಲವು ಮಿಲಿಮೀಟರ್ ದೂರದಲ್ಲಿ ಕತ್ತರಿಸಿ ಚೌಕಟ್ಟಿನಿಂದ ಬಿಡಿಸಿಕೊಂಡು, ಬಳಿಕ ಉಳಿದ ಮೋಟನ್ನು ಅರ್ಧದಿಂದ ಒಂದು ಮಿಲಿಮೀಟರಿನಷ್ಟು ಬಿಟ್ಟು ಕತ್ತರಿಸಿ, ಕೊನೆಯ ಆ ಚೂರನ್ನು ಚಾಕುವಿನಿಂದ ಸಿಪ್ಪೆ ಸುಲಿದಂತೆ ಪದರ ಪದರವಾಗಿ ತೆಗೆಯಬೇಕು. ವಿಮಾನದ ಗಾಜಿನ ಮುಚ್ಚಳದಂತಹ ಪಾರದರ್ಶಕ ಭಾಗಗಳು ಹೆಚ್ಚು ಪೆಡಸಾಗಿರುವುದರಿಂದ, ಅವುಗಳಿಗೆ ನಿಪ್ಪರನ್ನು ಹತ್ತಿರ ಒಯ್ಯದೆ ಸಣ್ಣ ಗರಗಸವನ್ನು ಬಳಸುವುದು ಕ್ಷೇಮ.

ಚಾಕುವಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದದ್ದಿದೆ. ಪೆನ್ನಿನ ಆಕಾರದ ಹವ್ಯಾಸಿ ಚಾಕುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 11ನೆಯ ಸಂಖ್ಯೆಯ ಚೂಪು ತುದಿಯ ಅಲಗು. ಶಸ್ತ್ರವೈದ್ಯರ ಸ್ಕಾಲ್ಪೆಲ್‌ಗಳಲ್ಲಿಯೂ 11 ಎಂಬ ಸಂಖ್ಯೆಯ ಅಲಗಿದೆ, ಆದರೆ ಎರಡೂ ಒಂದೇ ಅಲ್ಲ. ಹವ್ಯಾಸಿ ಚಾಕುವಿನ ಅಲಗಿನ ಬುಡ ಹಿಡಿಯ ಸೀಳುಬಾಯಿಯೊಳಗೆ ಕೂತು ತಿರುಪಿನಿಂದ ಬಿಗಿಯಾಗುತ್ತದೆ. ಸ್ಕಾಲ್ಪೆಲ್ಲಿನ 11ನೆಯ ಅಲಗು 3ನೆಯ ಸಂಖ್ಯೆಯ ಚಪ್ಪಟೆ ಹಿಡಿಯ ತೋಡಿಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಸಂಖ್ಯೆ ನೋಡಿ ಅಲಗು ತರಿಸಿ, ಹಿಡಿಗೆ ಹೊಂದದೆ ಪೇಚಾಡಿದವರನ್ನು ಕಂಡಿದ್ದೇನೆ. ಸ್ಕಾಲ್ಪೆಲ್ಲಿನ ಅಲಗು ತೆಳು, ಬಹಳ ಹರಿತ. ಕಾಗದದ ಮಾದರಿಗೂ ತೆಳುವಾದ ಬಾಲ್ಸಾ ಮರಕ್ಕೂ ಅದನ್ನು ಮೀರಿಸುವುದು ಕಷ್ಟ. ಆದರೆ ಪಕ್ಕಕ್ಕೆ ಒತ್ತಿದರೆ ಅದು ಬಾಗಿ ಥಟ್ಟನೆ ಮುರಿಯುತ್ತದೆ, ಹಿಡಿಯಿಂದ ಬಿಚ್ಚುವಾಗ ಬೆರಳಿಗೆ ಅಪಾಯ. ಇಕ್ಕಳದಲ್ಲಿ ಹಿಡಿಯದೆ ಅದನ್ನು ಬಿಚ್ಚಲೇಬಾರದು. ಗಟ್ಟಿ ಪ್ಲಾಸ್ಟಿಕ್ಕನ್ನು ಕೆತ್ತುವ ಕೆಲಸಕ್ಕೆ ತುಸು ದಪ್ಪವಾದ ಹವ್ಯಾಸಿ ಅಲಗೇ ಸರಿ.

ಹಿಡಿಯ ವಿಚಾರದಲ್ಲಿ ನೋಡಬೇಕಾದ್ದು ಅಲಗು ಅಲುಗಾಡದೆ ಕೂರುತ್ತದೆಯೇ ಎಂಬುದನ್ನು ಮಾತ್ರ. ಅಗ್ಗದ ಹಿಡಿಗಳಲ್ಲಿ ಸೀಳುಬಾಯಿಯ ಲೋಹ ಮೆದುವಾಗಿದ್ದು, ಕೆಲವು ತಿಂಗಳಲ್ಲಿ ತಿರುಪು ಸವೆದು ಅಲಗು ಕದಲತೊಡಗುತ್ತದೆ. ಅದನ್ನು ಬಿಟ್ಟರೆ ದುಬಾರಿ ಹಿಡಿಯಿಂದ ಕಡಿತ ಉತ್ತಮವಾಗುವುದಿಲ್ಲ. ಆದ್ದರಿಂದ ಒಂದು ಸರಳ ಹಿಡಿಯನ್ನು ಕೊಂಡು, ಉಳಿದ ಹಣಕ್ಕೆ ಒಳ್ಳೆಯ ಅಲಗುಗಳನ್ನು ಒಟ್ಟಿಗೆ ಹೆಚ್ಚು ಸಂಖ್ಯೆಯಲ್ಲಿ ತರಿಸುವುದು ಲಾಭ. 100ರ ಡಬ್ಬಿಯಲ್ಲಿ ಬರುವ ಅಲಗಿನ ಬಿಡಿ ಬೆಲೆ, 5ರ ಪೊಟ್ಟಣದ ಅಲಗಿಗಿಂತ ಸಾಮಾನ್ಯವಾಗಿ ಬಹಳ ಕಡಿಮೆ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಕೈಯಳತೆಯಲ್ಲಿ ಅಲಗುಗಳ ಡಬ್ಬಿ ಇದ್ದಾಗ, ಮೊಂಡಾದದ್ದನ್ನು ತೆಗೆದು ಹೊಸದು ಹಾಕಲು ಮನಸ್ಸು ಹಿಂಜರಿಯುವುದಿಲ್ಲ. ಮೊಂಡು ಅಲಗಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗ ಅದು ಜಾರುತ್ತದೆ, ಜಾರಿದ ಅಲಗು ನೇರವಾಗಿ ಎಡಗೈಯ ಹೆಬ್ಬೆರಳಿನತ್ತ ಬರುತ್ತದೆ. ಸಾಮಾನ್ಯವಾಗಿ ಮೊದಲು ಮುರಿಯುವುದು ತುದಿಯ ಅರ್ಧ ಮಿಲಿಮೀಟರ್. ಬರೆಯುವ ಕಾಗದದ ಮೇಲೆ ಹಗುರವಾಗಿ ಎಳೆದಾಗ ಎಳೆಗಳು ಎದ್ದುಬಂದರೆ ಆ ಅಲಗಿನ ಕೊಯ್ಯುವ ಕೆಲಸ ಮುಗಿಯಿತೆಂದೇ ಅರ್ಥ. ಹಾಗೆಂದು ಕೂಡಲೇ ಎಸೆಯಬೇಕಾಗಿಲ್ಲ. ಅಂತಹ ಅಲಗಿನ ಬೆನ್ನಿನಿಂದ ಎರಡು ಭಾಗಗಳು ಕೂಡಿದ ಅಂಚಿನ ಗೆರೆಯನ್ನು ಹೆರೆದು ತೆಗೆಯಬಹುದು.

ತೀರ ಕಡಿಮೆ ಖರ್ಚಿನಲ್ಲಿ ಆರಂಭಿಸಬೇಕೆನ್ನುವವರಿಗೆ ಮೊಂಡಾದ ತುದಿಯನ್ನು ಗೀರಿನಲ್ಲಿ ಮುರಿದುಕೊಳ್ಳುವ ಅಲಗಿನ ಕಟರೇ ಸಾಕು. 1956ರಲ್ಲಿ ಜಪಾನಿನ ಒಸಾಕಾದಲ್ಲಿ ಯೋಶಿಯೋ ಒಕಾದಾ ಎಂಬವರು ಇದನ್ನು ರೂಪಿಸಿದರು. ಚಮ್ಮಾರರು ಗಾಜಿನ ಚೂರು ಮೊಂಡಾದಾಗ ಅದನ್ನು ಒಡೆದು ಹೊಸ ಅಂಚನ್ನು ಪಡೆಯುತ್ತಿದ್ದ ಕ್ರಮ, ಗೀರುಗಳ ಗುಂಟ ಮುರಿಯುವ ಚಾಕೊಲೇಟ್ ಪಟ್ಟಿ, ಇವೆರಡೂ ಅವರಿಗೆ ಪ್ರೇರಣೆಯಾದವು. ಅವರ ಕಂಪನಿಯ ಓಲ್ಫಾ ಎಂಬ ಹೆಸರು ಕೂಡ ಮುರಿಯುವ ಅಲಗು ಎಂಬ ಅರ್ಥದ ಜಪಾನೀ ಪದಗಳಿಂದ ಬಂದದ್ದು. ಮಾದರಿಯ ಕೆಲಸಕ್ಕೆ 18 ಮಿಲಿಮೀಟರ್ ಅಗಲದ್ದು ಬೇಡ, 9 ಮಿಲಿಮೀಟರಿನದು ಸರಿ. ಅದರಲ್ಲೂ ಸಾಮಾನ್ಯ ಅಲಗಿನ ಬದಲು 30 ಡಿಗ್ರಿ ಕೋನದ ಚೂಪಾದ ಅಲಗನ್ನು ಹಾಕಿಕೊಂಡರೆ ಸೂಕ್ಷ್ಮ ಕೆಲಸಗಳೂ ಸಾಗುತ್ತವೆ. ಅಲಗನ್ನು ಒಂದೇ ತುಂಡಿನಷ್ಟು ಹೊರಗೆ ಚಾಚಿ, ಬೀಗವನ್ನು ಬಿಗಿಮಾಡಿಯೇ ಕೆಲಸ ಶುರುಮಾಡಬೇಕು. ಹೆಚ್ಚು ಚಾಚಿದರೆ ಅದು ಬಾಗಿ ಗೆರೆ ಓರೆಯಾಗುತ್ತದೆ.

ಪ್ಲಾಸ್ಟಿಕ್ ಹಾಳೆಯಿಂದ ತಾವೇ ಭಾಗಗಳನ್ನು ಮಾಡಿಕೊಳ್ಳುವವರು ಹಾಳೆಯನ್ನು ಪೂರ್ತಿ ಕೊಯ್ಯಲು ಹೋಗಬಾರದು. 1 ಮಿಲಿಮೀಟರ್ ದಪ್ಪದ ಪಾಲಿಸ್ಟೈರೀನ್ ಹಾಳೆಗೆ ಉಕ್ಕಿನ ಅಳತೆಪಟ್ಟಿಯನ್ನು ಒತ್ತಿ ಹಿಡಿದು, ಮೊದಲ ಗೀರನ್ನು ಪೆನ್ಸಿಲಿನಷ್ಟೇ ಹಗುರವಾಗಿ ಎಳೆದು, ಅದೇ ಜಾಡಿನಲ್ಲಿ ಮತ್ತೆ ಮೂರು ನಾಲ್ಕು ಸಲ ಹಾಯಿಸಿ, ಗೀರಿಗೆ ವಿರುದ್ಧವಾಗಿ ಬಗ್ಗಿಸಿದರೆ ಅದು ಚಿಟಕ್ಕೆಂದು ನೇರವಾಗಿ ಮುರಿಯುತ್ತದೆ. ಇನ್ನೂ ದಪ್ಪದ ಹಾಳೆಗೂ ಅಕ್ರಿಲಿಕ್ಕಿಗೂ ಕೊಕ್ಕೆಯಾಕಾರದ ಪ್ಲಾಸ್ಟಿಕ್ ಕಟರ್ ಸಿಗುತ್ತದೆ. ಅದನ್ನು ತನ್ನತ್ತ ಎಳೆದಾಗ ಪ್ಲಾಸ್ಟಿಕ್ಕಿನ ಸುರುಳಿಯೊಂದು ಎದ್ದುಬಂದು ಹಿಂದೆ ಸಣ್ಣ ಕಾಲುವೆ ಉಳಿಯುತ್ತದೆ. ಅಳತೆಪಟ್ಟಿ ಪ್ಲಾಸ್ಟಿಕ್ಕಿನದಾಗಿದ್ದರೆ ಅಲಗು ಅದರ ಅಂಚನ್ನೇ ಕೊಯ್ಯುತ್ತದೆ, ಆದ್ದರಿಂದ ಉಕ್ಕಿನದೇ ಬೇಕು. ಕಟಿಂಗ್ ಮ್ಯಾಟ್ ಎ4 ಅಳತೆಯದ್ದು ಸಾಕು. ಬಿಸಿಲಿನಲ್ಲಿಟ್ಟರೆ, ಬಿಸಿ ಲೋಟವನ್ನು ಅದರ ಮೇಲಿಟ್ಟರೆ ಮ್ಯಾಟ್ ಸೊಟ್ಟಗಾಗಿ ಮತ್ತೆ ಸರಿಹೋಗುವುದಿಲ್ಲ.

ತೆಳುವಾದ ಹಿತ್ತಾಳೆಯ ಎಚ್ಚಣೆ (ರಾಸಾಯನಿಕದಿಂದ ಕೊರೆದು ಮಾಡಿದ) ಭಾಗಗಳಿಗೆ ಮಾತ್ರ ಮ್ಯಾಟ್ ಹೊಂದುವುದಿಲ್ಲ. ಮೆದುವಾದ ತಳದ ಮೇಲೆ ಅಲಗು ಒತ್ತಿದಾಗ ಹಿತ್ತಾಳೆ ಬಗ್ಗುತ್ತದೆ. ನುಣುಪಾದ ನೆಲದ ಟೈಲ್ಸಿನ ತುಂಡೊಂದರ ಮೇಲಿಟ್ಟು, 10 ಅಥವಾ 15ನೆಯ ಸಂಖ್ಯೆಯ ದುಂಡು ಹೊಟ್ಟೆಯ ಸ್ಕಾಲ್ಪೆಲ್ ಅಲಗನ್ನು ಉರುಳಿಸಿದಂತೆ ಒತ್ತಿದರೆ ಕೊಂಡಿ ತುಂಡಾಗುತ್ತದೆ. ಇದಕ್ಕೆ ಹೊಸ ಅಲಗನ್ನು ವ್ಯರ್ಥ ಮಾಡಬೇಕಾಗಿಲ್ಲ. ಗರಗಸ ಕೊಳ್ಳುವಾಗ ಇಂಚಿಗೆ 40ಕ್ಕಿಂತ ಹೆಚ್ಚು ಹಲ್ಲುಗಳಿರುವ ತೆಳು ಪಟ್ಟಿಯದನ್ನು ಆರಿಸಿಕೊಳ್ಳಬೇಕು. ಅಚ್ಚಿಗೆ ಸುರಿದು ಗಟ್ಟಿಯಾಗಿಸಿದ ರೆಸಿನ್ ಭಾಗಗಳನ್ನು ಅದರಿಂದ ಕೊಯ್ಯುವಾಗ ಏಳುವ ನುಣುಪು ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಭಾಗವನ್ನು ನೀರಿನಲ್ಲಿ ತೇವಗೊಳಿಸಿಕೊಂಡು, ಮೂಗಿಗೆ ತಕ್ಕ ಮಾಸ್ಕ್ ಕಟ್ಟಿಕೊಂಡೇ ಕೊಯ್ಯಬೇಕು.

ಗಾಯಗೊಂಡ ಆ ನಿಪ್ಪರಿನ ಹಿಡಿಗೆ ಈಗ ಕೆಂಪು ಟೇಪು ಸುತ್ತಿದ್ದೇನೆ. ತಂತಿ, ಲೋಹದ ಕಡ್ಡಿ, ದಪ್ಪ ಸ್ಪ್ರೂ ಎಲ್ಲವೂ ಅದರ ಪಾಲು. ಬಳಸಿ ಮುಗಿದ ಅಲಗುಗಳಿಗೆ ಮುಚ್ಚಳದಲ್ಲಿ ಸೀಳು ಕೊರೆದ ತಗಡಿನ ಡಬ್ಬಿಯೊಂದು ಮೇಜಿನ ಬಲಮೂಲೆಯಲ್ಲಿದೆ. ಅಲಗು ಬದಲಿಸಿದ ಕೂಡಲೇ ಹಳೆಯದು ಆ ಸೀಳಿನೊಳಗೆ ಬೀಳುತ್ತದೆ. ಡಬ್ಬಿ ತುಂಬಿದಾಗ ಸೀಳನ್ನು ಟೇಪಿನಿಂದ ಮುಚ್ಚಿ, ಒಳಗೆ ಹರಿತವಾದ ಅಲಗುಗಳಿವೆಯೆಂದು ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು, ಇತರ ಕಸದೊಡನೆ ಬೆರೆಸದೆ ಬೇರೆಯಾಗಿಯೇ ಕೊಡುತ್ತೇನೆ. ಕಸ ವಿಂಗಡಿಸುವವರ ಕೈಗೆ ಅದು ತಾಗಬಾರದು.