ಬರೀ ಕಾರ್ಬನ್ನಿನಲ್ಲೂ ಗೆರೆ ಬಂತು

ಆ ದಿನ ನಾನು ಟಿಇಎಂನಲ್ಲಿ (ಎಲೆಕ್ಟ್ರಾನ್ ಹಾಯಿಸಿ ನೋಡುವ ಮೈಕ್ರೋಸ್ಕೋಪ್) ತೆಗೆದ ಚಿತ್ರ ಮರಳು ಚೆಲ್ಲಿದ ಹಾಗಿತ್ತು. ತೆಳು ಕಾರ್ಬನ್ ಪೊರೆಯ ಮೇಲೆ ಚಿನ್ನದ ನ್ಯಾನೋ ಕಣಗಳು. ಬೀಮ್ ಜಾಸ್ತಿ ಬಿಟ್ಟರೆ ಕಣಗಳೇ ಅಲ್ಲಾಡಿ ಆಕಾರ ಬದಲಾಯಿಸುತ್ತಿದ್ದವು, ಅದಕ್ಕೇ ಡೋಸ್ ಇಳಿಸಿದ್ದೆ. ಎಲೆಕ್ಟ್ರಾನ್ ಕಡಿಮೆಯಾದರೆ ನಾಯ್ಸ್, ಅಂದರೆ ಆ ಮರಳಿನಂಥ ಕಾಳುಕಾಳು, ಎದ್ದು ಕಾಣುತ್ತದೆ, ಅದು ಗೊತ್ತಿದ್ದದ್ದೇ.

ಕಾಂಟ್ರಾಸ್ಟ್ ಎಳೆದೆ, ಗಾಮಾ ತಿರುಗಿಸಿದೆ. ಮೀಡಿಯನ್ ಫಿಲ್ಟರ್ ಹಾಕಿದರೆ ನಾಯ್ಸ್ ಜೊತೆ ಸಣ್ಣ ವಿವರವೂ ಅಳಿಸಿಹೋಯಿತು. ಕೊನೆಗೆ ಎಫ್‌ಎಫ್‌ಟಿ ತೆಗೆದೆ, ಚಿತ್ರದಲ್ಲಿ ಗೆರೆಗಳು ಯಾವ ಅಂತರದಲ್ಲಿ ಮರುಕಳಿಸುತ್ತವೆ ಅನ್ನೋದನ್ನ ಅದು ಚುಕ್ಕೆಗಳಾಗಿ ತೋರಿಸುತ್ತದೆ. ನಡುವಿನ ಬೆಳಕಿನ ಆಚೀಚೆ ಎರಡು ಮಸುಕು ಚುಕ್ಕೆ! ಅಳೆದರೆ ಸುಮಾರು 0.235 ನ್ಯಾನೋಮೀಟರ್, ಚಿನ್ನದ ಹರಳಿನಲ್ಲಿ (111) ಅಂತ ಕರೆಯುವ ಪರಮಾಣು ಪದರಗಳ ನಡುವಿನ ಅಂತರ. ಆ ಚುಕ್ಕೆಗಳ ಮೇಲೆ ಪುಟ್ಟ ಮಾಸ್ಕ್ ಇಟ್ಟು, ಉಳಿದದ್ದನ್ನೆಲ್ಲ ಸೊನ್ನೆ ಮಾಡಿ, ಚಿತ್ರವನ್ನು ಮತ್ತೆ ಕಟ್ಟಿದೆ. ಬಾಚಣಿಗೆ ಎಳೆದಂಥ ಗೆರೆಗಳು ಬಂದವು. ಕುಣಿಯೋದೊಂದು ಬಾಕಿ.

ಮೇಡಂ ಬಂದು ನೋಡಿದರು. ‘ಗೆರೆ ಕಣದ ಹೊರಗೂ ಹೋಗಿದೆಯಲ್ಲ?’ ಅಂದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ, ಅಥವಾ ನೋಡಿಯೂ ಬೇಡ ಅಂತ ಬಿಟ್ಟಿದ್ದೆನೋ ಏನೋ. ‘ಇದೇ ಮಾಸ್ಕನ್ನ ಕಣವೇ ಇಲ್ಲದ ಜಾಗಕ್ಕೆ ಹಾಕು, ನೋಡೋಣ.’

ಹಾಕಿದೆ. ಬರೀ ಕಾರ್ಬನ್ನಿನಲ್ಲೂ ಗೆರೆ! ಅಷ್ಟು ಅಂದವಾಗಿಲ್ಲ, ಅಲ್ಲಲ್ಲಿ ತೇಪೆ ತೇಪೆ, ಆದರೆ ಅಂತರ ಮಾತ್ರ ಅದೇ. ನಾಯ್ಸಿನಲ್ಲಿ ಎಲ್ಲ ಅಂತರಗಳೂ ಸ್ವಲ್ಪ ಸ್ವಲ್ಪ ಬೆರೆತಿರುತ್ತವೆ. ನಾನು ಒಂದನ್ನೇ ಬಿಟ್ಟುಕೊಂಡು ಉಳಿದದ್ದನ್ನೆಲ್ಲ ತಡೆದರೆ ಬೇರೇನು ಬರಬೇಕು? ಮಾಸ್ಕ್ ಚಿಕ್ಕದಾದಷ್ಟೂ ಗೆರೆ ಉದ್ದಕ್ಕೆ ಹರಡುತ್ತದೆ, ಕಣದ ಅಂಚು ಎಲ್ಲಿ ಅನ್ನೋದು ಅದಕ್ಕೆ ಗೊತ್ತೇ ಇರೋದಿಲ್ಲ.

ಸರಿ, ಮೂಲ ಫೈಲಿನಿಂದ ಶುರು ಮಾಡೋಣ ಅಂದರೆ ಅದೆಲ್ಲಿದೆ? ಕಾಂಟ್ರಾಸ್ಟ್ ಎಳೆದ ಮೇಲೆ ಅದರ ಮೇಲೆಯೇ 8 ಬಿಟ್‌ನಲ್ಲಿ ಸೇವ್ ಮಾಡಿಬಿಟ್ಟಿದ್ದೆ. 16 ಬಿಟ್ ಫೈಲಿನ 65,536 ಬೂದು ಹಂತಗಳು ಹೋಗಿ ಬರೀ 256 ಉಳಿದಿದ್ದವು. ಮೇಡಂ ಬೈಯಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಬೈದಿದ್ದರೇ ವಾಸಿ ಇತ್ತು.

ಮತ್ತೆ ಹೋಗಿ ಮೈಕ್ರೋಸ್ಕೋಪ್ ಮುಂದೆ ಕೂತೆ. ಈ ಸಲ ಒಂದೇ ದೊಡ್ಡ ಎಕ್ಸ್‌ಪೋಶರ್ ಬದಲು 16 ಚಿಕ್ಕ ಫ್ರೇಮ್ ತೆಗೆದೆ. ಸ್ಯಾಂಪಲ್ ಮೆಲ್ಲಗೆ ಜಾರುತ್ತಲೇ ಇರುತ್ತದೆ, ಹಾಗಾಗಿ ಒಂದೊಂದನ್ನೂ ಮೊದಲನೆಯದಕ್ಕೆ ಹೊಂದಿಸಿ ಆಮೇಲೆ ಸರಾಸರಿ ಮಾಡಿದೆ. ಒಂದು ಫ್ರೇಮಿನ ನಾಯ್ಸಿನ ಕಾಲು ಭಾಗದಷ್ಟೇ ಉಳಿಯಿತು, ಅದೂ ಮಾಸ್ಕ್ ಮುಟ್ಟದೆ.

ಕಣದ ಎಡಭಾಗದಲ್ಲಿ ಮಾತ್ರ ಗೆರೆ ಕಂಡಿತು. ಬಲಭಾಗ ಬರೀ ಬೂದು. ರಿಪೋರ್ಟಿಗೆ ಅದನ್ನೇ ಹಾಕಿದೆ, ಪಕ್ಕದಲ್ಲೇ ಮರಳು ಚೆಲ್ಲಿದಂಥ ಒಂದು ಫ್ರೇಮನ್ನೂ ಇಟ್ಟೆ.